ದಂಡದ ರಶೀದಿ ಮಗುವನ್ನು ಕಾಯುವುದಿಲ್ಲ

ಭಾನುವಾರ ಬೆಳಿಗ್ಗೆ ನಮ್ಮ ಊರಿನ ಟ್ಯಾಕ್ಸಿ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತು ನೋಡಿರಿ. ಮದುವೆಗೆ, ಜಾತ್ರೆಗೆ, ಮಗುವಿನ ಮುಡಿ ಕೊಡುವುದಕ್ಕೆ ಹೊರಟ ಕುಟುಂಬಗಳು ಬಾಡಿಗೆ ಕಾರಿನಲ್ಲಿ ಏಳೆಂಟು ಜನರಂತೆ ತುಂಬಿಕೊಳ್ಳುತ್ತವೆ. ಬಾಣಂತಿಯನ್ನು ಚಾಲಕನ ಪಕ್ಕದ ಸೀಟಿನಲ್ಲಿ ಕೂರಿಸುತ್ತಾರೆ. ಅದು ಅವಳಿಗೆ ತೋರಿಸುವ ಮರ್ಯಾದೆ. ಕೂಸು ಅವಳ ಮಡಿಲಲ್ಲಿ. ಅದೇ ಹೊತ್ತಿಗೆ ರಾತ್ರಿ ಪಾಳಿ ಮುಗಿಸಿದ ಗಿರಣಿ ಕಾರ್ಮಿಕನೊಬ್ಬ ಸ್ಕೂಟರಿನ ಮುಂದೆ ಮೂರು ವರ್ಷದ ಮಗನನ್ನು ನಿಲ್ಲಿಸಿಕೊಂಡು, ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಸಂತೆಗೆ ಹೊರಡುತ್ತಾನೆ. ಪ್ರೀತಿಗೆ ಎಲ್ಲಿಯೂ ಕೊರತೆಯಿಲ್ಲ. ಆದರೆ ಆ ಎರಡು ಮಕ್ಕಳ ಪ್ರಾಣಕ್ಕೆ ಆಧಾರವಾಗಿ ಒಂದು ಪಟ್ಟಿಯೂ ಇಲ್ಲ.

ಇದಕ್ಕೆ ಸರ್ಕಾರದ ಉತ್ತರವೇನು? ದಂಡ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 194-ಬಿ ಕಲಮಿನ ಪ್ರಕಾರ, 14 ವರ್ಷದೊಳಗಿನ ಮಗುವನ್ನು ಸೀಟ್ ಬೆಲ್ಟಿನಿಂದಾಗಲಿ ಮಕ್ಕಳ ಸೀಟಿನಿಂದಾಗಲಿ ಭದ್ರಪಡಿಸದೆ ವಾಹನ ಓಡಿಸಿದವನು 1,000 ರೂಪಾಯಿ ದಂಡಕ್ಕೆ ಗುರಿಯಾಗುತ್ತಾನೆ. ಕಾರು ಮಾಡಿ ಮಾರುವ ಕಂಪೆನಿ ಸೀಟು ಕೊಡಬೇಕೆಂಬ ಮಾತು ಆ ಕಲಮಿನಲ್ಲಿಲ್ಲ. ದಿನದ ಬಾಡಿಗೆಯ ಮೇಲೆ ಬದುಕುವ ಚಾಲಕ ಕೊಡಬೇಕಾದುದು ಮಾತ್ರ ಇದೆ.

ಹಾಗೆಂದು ಈ ಕಾಯಿದೆ ತಪ್ಪೆಂದು ನಾವು ಹೇಳುವುದಿಲ್ಲ. “ನಮ್ಮಪ್ಪ ಅಮ್ಮ ನಮ್ಮನ್ನು ಮಡಿಲಲ್ಲೇ ಒಯ್ಯಲಿಲ್ಲವೇ?” ಎಂದು ಕೇಳುವವರಿದ್ದಾರೆ. ಒಯ್ದರು, ನಿಜ, ಎತ್ತಿನ ಗಾಡಿಯಲ್ಲಿ ಒಯ್ದರು. ಗಾಡಿ ನಿಂತರೆ ಮೈ ಅಲುಗುವುದಿಲ್ಲ. ಗಂಟೆಗೆ 50 ಕಿ.ಮೀ. ವೇಗದ ಕಾರು ಎದುರಿನ ಲಾರಿಗೆ ಬಡಿದು ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ ನಿಂತಿತು ಎನ್ನಿ. ಆಗ 10 ಕಿಲೋ ತೂಕದ ಮಗುವನ್ನು ಹಿಡಿದು ನಿಲ್ಲಿಸಲು ಸುಮಾರು 140 ಕಿಲೋ ಭಾರವನ್ನು ತಡೆಯುವಷ್ಟು ಬಲ ಬೇಕು. ನಮ್ಮ ಹಮಾಲಿ ಬಂಧುಗಳಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ: 50 ಕಿಲೋದ ಮೂರು ಅಕ್ಕಿ ಮೂಟೆಗೆ ತುಸು ಕಡಿಮೆ. ಯಾವ ತಾಯಿಯ ತೋಳು ಇದನ್ನು ಹಿಡಿದೀತು? ತಾಯಿಗೆ ಬೆಲ್ಟು ಇಲ್ಲದಿದ್ದರೆ ಅವಳ ಮೈಭಾರವೇ ಕೂಸಿನ ಮೇಲೆ ಬೀಳುತ್ತದೆ.

ಈ ಪಾಠವನ್ನು ಬೇರೆ ದೇಶದವರೂ ಕಷ್ಟಪಟ್ಟೇ ಕಲಿತರು. ಅಮೆರಿಕದ ಟೆನೆಸೀ ರಾಜ್ಯದಲ್ಲಿ ರಾಬರ್ಟ್ ಸ್ಯಾಂಡರ್ಸ್ ಎಂಬ ಮಕ್ಕಳ ವೈದ್ಯರು ಹಟ ಹಿಡಿದು ಹೋರಾಡಿದ ಫಲವಾಗಿ, ಆ ದೇಶದ ಮೊದಲನೆಯ ಮಕ್ಕಳ ಸೀಟಿನ ಕಾಯಿದೆ 1977ರಲ್ಲಿ ಪಾಸಾಗಿ 1978ರಲ್ಲಿ ಜಾರಿಗೆ ಬಂತು. ಆದರೆ ಶಾಸಕರು ಅದರಲ್ಲೊಂದು ವಿನಾಯಿತಿ ಸೇರಿಸಿದರು: ಕೂಸನ್ನು ದೊಡ್ಡವರು ತೋಳಿನಲ್ಲಿ ಹಿಡಿದಿದ್ದರೆ ಸಾಕು ಎಂದು. ಆ ವೈದ್ಯರು ಅದನ್ನು ಮಕ್ಕಳನ್ನು ಜಜ್ಜುವ ತಿದ್ದುಪಡಿ ಎಂದೇ ಕರೆದರು. 1981ರಲ್ಲಿ ಅದನ್ನು ತೆಗೆಸಿದ ಮೇಲೆಯೇ ಅವರಿಗೆ ಸಮಾಧಾನ.

ಹಾಗಾದರೆ ಎಂಥ ಸೀಟನ್ನು ಆರಿಸಬೇಕು? ಅಂಗಡಿಯವನ ಮಾತಿಗೆ, ಬಣ್ಣಕ್ಕೆ, ಮೆತ್ತೆಗೆ ಮರುಳಾಗಬಾರದು. ಮೊದಲು ಮಗುವಿನ ತೂಕ ಮತ್ತು ಎತ್ತರ ಗೊತ್ತಿರಲಿ. ಸೀಟಿನ ಚೀಟಿಯಲ್ಲಿ ಅದು ಎಷ್ಟು ತೂಕಕ್ಕೆ, ಎಷ್ಟು ಎತ್ತರಕ್ಕೆ ಎಂದು ಬರೆದಿರುತ್ತದೆ. ಅದೇ ಚೀಟಿಯಲ್ಲಿ ನಮ್ಮ ದೇಶದ ಎಐಎಸ್-072 ಅಥವಾ ವಿಶ್ವಸಂಸ್ಥೆಯ ಆರ್-44, ಆರ್-129 ಎಂಬ ಗುರುತು ಇರಬೇಕು. ಗುರುತಿದ್ದರೆ ಅಗ್ಗದ ಸೀಟೂ ಡಿಕ್ಕಿಯ ಪರೀಕ್ಷೆಯನ್ನು ದಾಟಿ ಬಂದದ್ದೇ. ಗುರುತಿಲ್ಲದ್ದು ಎಷ್ಟೇ ದುಬಾರಿಯಾದರೂ ಅದು ಬರಿಯ ಮೆತ್ತೆ.

ಎಳೆಯ ಕೂಸಿನ ಸೀಟು ಕಾರಿನ ಹಿಂದಿನ ಗಾಜಿನ ಕಡೆಗೆ ಮುಖ ಮಾಡಿರಬೇಕು. ಕೂಸಿನ ತಲೆ ದೊಡ್ಡದು, ಕತ್ತು ಎಳಸು. ಮುಂದಕ್ಕೆ ಮುಖ ಮಾಡಿ ಕೂತಾಗ ಡಿಕ್ಕಿಯಾದರೆ ತಲೆಯ ಎಳೆತವೆಲ್ಲ ಕತ್ತಿನ ಮೇಲೆ ಬೀಳುತ್ತದೆ. ಹಿಂದಕ್ಕೆ ಮುಖ ಮಾಡಿದ್ದರೆ ಸೀಟಿನ ಬೆನ್ನೇ ತಲೆ, ಕತ್ತು, ಬೆನ್ನುಗಳನ್ನು ಒಟ್ಟಾಗಿ ಹಿಡಿಯುತ್ತದೆ. ಆರ್-129 ನಿಯಮ 15 ತಿಂಗಳವರೆಗೆ ಇದನ್ನು ಕಡ್ಡಾಯ ಮಾಡಿದೆ. ಸ್ವೀಡನ್ನಿನಲ್ಲಿ ನಾಲ್ಕು ವರ್ಷದವರೆಗೂ ಹೀಗೆ ಕೂರಿಸುವ ರೂಢಿಯಿದೆ. ಇಂಥ ಸೀಟನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಎಂದಿಗೂ ಇಡಬಾರದು. ಉಬ್ಬಿದ ಚೀಲ ಸೀಟಿನ ಬೆನ್ನಿಗೆ ಬಡಿದು ಕೂಸನ್ನೇ ಕೊಲ್ಲಬಹುದು. ಮಕ್ಕಳ ಜಾಗ ಹಿಂದಿನ ಸೀಟು. ಮರ್ಯಾದೆಯ ಜಾಗವೂ ಅದೇ ಆಗಲಿ.

ಸೀಟನ್ನು ಕಾರಿನ ಬೆಲ್ಟಿನಿಂದಲೋ ಐಸೋಫಿಕ್ಸ್ ಕೊಂಡಿಯಿಂದಲೋ ಬಿಗಿಯಬೇಕು. ಹಗ್ಗ, ಸೀರೆ ಕಟ್ಟಿದರೆ ಪ್ರಯೋಜನವಿಲ್ಲ. ಬೆಲ್ಟು ಹಾದುಹೋಗುವ ಕಡೆ ಹಿಡಿದು ಅಲುಗಿಸಿದರೆ ಒಂದು ಅಂಗುಲಕ್ಕಿಂತ ಹೆಚ್ಚು ಜರುಗಬಾರದು. ಮಗುವಿನ ಮೈಪಟ್ಟಿ ಭುಜದ ಮೇಲೆ ಚಿವುಟಿದರೆ ಮಡಿಕೆ ಸಿಗದಷ್ಟು ಬಿಗಿಯಾಗಿರಲಿ. ಬೆಳೆದ ಮಗುವಿಗೆ, ಕಾರಿನ ಬೆಲ್ಟು ಕತ್ತಿಗೆ ತಾಗದೆ ಭುಜದ ಮೇಲೂ, ಹೊಟ್ಟೆಗೆ ತಾಗದೆ ತೊಡೆಯ ಮೇಲೂ ಬರುವ ತನಕ, ಎತ್ತರಿಸುವ ಬೂಸ್ಟರ್ ಸೀಟು ಬೇಕು. ಹಳೆಯ ಸೀಟು ಕೊಳ್ಳುವುದಾದರೆ ಅದು ಅಪಘಾತ ಕಂಡಿಲ್ಲವೆಂದು ಖಚಿತವಾಗಿರಬೇಕು, ಚೀಟಿ ಹರಿದಿರಬಾರದು, ಅದರ ವಾಯಿದೆ ಮುಗಿದಿರಬಾರದು.

ನಮ್ಮ ವಾಚಕರಲ್ಲಿ ಹೆಚ್ಚಿನವರ ವಾಹನ ಕಾರಲ್ಲ, ದ್ವಿಚಕ್ರ. ಅದಕ್ಕೂ 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ಹೊರಡಿಸಿತು. ಒಂದು ವರ್ಷದ ನಂತರ ಅದು ಜಾರಿಗೆ ಬಂತು. ನಾಲ್ಕು ವರ್ಷದೊಳಗಿನ ಮಗುವನ್ನು ಹಾರ್ನೆಸ್ ಎಂಬ ಪಟ್ಟಿಯಿಂದ ಸವಾರನ ಮೈಗೆ ಸೇರಿಸಿ ಕಟ್ಟಬೇಕು. ಒಂಬತ್ತು ತಿಂಗಳು ದಾಟಿದ ಮಗುವಿಗೆ ತಲೆಗೆ ಸರಿಹೊಂದುವ ಹೆಲ್ಮೆಟ್ ಹಾಕಬೇಕು. ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. ಹಾರ್ನೆಸ್ಸು ಮಗು ಜಾರಿ ಬೀಳದಂತೆ ತಡೆಯುತ್ತದೆ, ನಿದ್ದೆಗೆ ತೂಗಿದರೂ ಹಿಡಿದಿರುತ್ತದೆ. ಅದು ಕಾರಿನ ಸೀಟಿಗೆ ಸಮವಲ್ಲ. ಆದರೂ ಸ್ಕೂಟರಿನ ಮುಂದೆ ನಿಲ್ಲಿಸಿದ ಮಗುವಿಗೆ ಇಂದು ಇರುವುದಕ್ಕಿಂತ ಅದು ಎಷ್ಟೋ ಮೇಲು.

ಇಷ್ಟೆಲ್ಲ ತಿಳಿದ ಮೇಲೆ ಉಳಿಯುವುದು ಹಣದ ಪ್ರಶ್ನೆ. ಗುರುತಿರುವ ಸೀಟಿಗೆ ಕೆಲವು ಸಾವಿರ ರೂಪಾಯಿ ಬೇಕು. ಅದು ಸಣ್ಣ ವ್ಯಾಪಾರಿಯ ಅಂಗಡಿ ಬಾಡಿಗೆ, ಕಾರ್ಮಿಕನ ಮನೆಯ ತಿಂಗಳ ದಿನಸಿ. 2023ರಲ್ಲಿ ಪ್ರಾರಂಭವಾದ ‘ಭಾರತ್ ಎನ್‌ಕ್ಯಾಪ್’ ಪರೀಕ್ಷೆಯಲ್ಲಿ ಹದಿನೆಂಟು ತಿಂಗಳ ಮತ್ತು ಮೂರು ವರ್ಷದ ಮಕ್ಕಳ ಗಾತ್ರದ ಬೊಂಬೆಗಳನ್ನು ಮಕ್ಕಳ ಸೀಟಿನಲ್ಲಿ ಕೂರಿಸಿ ಕಾರನ್ನು ಡಿಕ್ಕಿ ಹೊಡೆಸುತ್ತಾರೆ. ಬಂದ ನಕ್ಷತ್ರಗಳನ್ನು ಕಂಪೆನಿಗಳು ಜಾಹೀರಾತಿನಲ್ಲಿ ಮೆರೆಸುತ್ತವೆ. ಬೊಂಬೆಗೆ ಸೀಟು ಉಂಟು. ಕಾರು ಕೊಂಡವನ ಮಗು ತನ್ನ ಸೀಟನ್ನು ತಾನೇ ಹುಡುಕಿಕೊಳ್ಳಬೇಕು!

ಆಗದ ಮಾತನ್ನು ನಾವು ಕೇಳುತ್ತಿಲ್ಲ. ದ್ವಿಚಕ್ರ ವಾಹನ ಮಾರುವಾಗ ತಯಾರಕರು ಹೆಲ್ಮೆಟ್ ಕೊಡಬೇಕೆಂದು ಕೇಂದ್ರ ಮೋಟಾರು ನಿಯಮಗಳ 138ನೆಯ ನಿಯಮದಲ್ಲಿಯೇ ಇದೆ. ದೊಡ್ಡವರ ತಲೆಗೆ ಒಪ್ಪಿದ ನ್ಯಾಯ ಮಕ್ಕಳ ಮೈಗೇಕೆ ಒಪ್ಪಬಾರದು? ಕೇಳಿದವರಿಗೆ ಸ್ಕೂಟರಿನೊಡನೆ ಹಾರ್ನೆಸ್ಸು, ಕಾರಿನೊಡನೆ ಮಕ್ಕಳ ಸೀಟು ಕೊಡುವ ಹೊಣೆ ತಯಾರಕರ ಮೇಲೆ ಬೀಳಲಿ. ಈ ಸಾಮಾನುಗಳ ಮೇಲಿನ ತೆರಿಗೆಯನ್ನು ಪೂರ್ತಿಯಾಗಿ ತೆಗೆಯಲಿ. ವಸೂಲಾದ ದಂಡದ ಹಣದಿಂದ ಸೀಟು ಕೊಂಡು ಪ್ರತಿ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿಯೂ ಎರವಲು ಕೊಡುವ ವ್ಯವಸ್ಥೆ ಮಾಡಲಿ. ನ್ಯೂಜಿಲೆಂಡಿನಲ್ಲಿ 1907ರಲ್ಲಿ ಹುಟ್ಟಿದ ಪ್ಲಂಕೆಟ್ ಎಂಬ ಶಿಶುಕಲ್ಯಾಣ ಸಂಸ್ಥೆ 1980ರ ದಶಕದಲ್ಲಿಯೇ ಸೀಟುಗಳನ್ನು ಬಾಡಿಗೆಗೆ ಕೊಡುತ್ತಿತ್ತು.

ಸರ್ಕಾರ ಎಚ್ಚರಗೊಳ್ಳುವವರೆಗೆ ನಾವು ಕೈಕಟ್ಟಿ ಕೂರಬೇಕೇ? ಬೇಕಾಗಿಲ್ಲ. ಎಳೆಗೂಸಿನ ಸೀಟು ಒಂದು ಮನೆಗೆ ಬೇಕಾಗುವುದು ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷ. ಆಮೇಲೆ ಅದು ಅಟ್ಟ ಸೇರುತ್ತದೆ. ಒಬ್ಬೊಬ್ಬರಿಗೆ ಸ್ವಲ್ಪ ಕಾಲ ಬೇಕಾದದ್ದನ್ನು ಎಲ್ಲರೂ ಸೇರಿ ಕೊಳ್ಳುವುದೇ ಸಹಕಾರ ತತ್ವ. ಕಾರ್ಮಿಕ ಸಂಘ, ವರ್ತಕರ ಸಂಘ, ಟ್ಯಾಕ್ಸಿ ಚಾಲಕರ ಸಂಘ ಸೇರಿ ಹತ್ತು ಸೀಟುಗಳನ್ನು ಕೊಳ್ಳಲಿ. ಒಂದು ಪುಸ್ತಕವಿಟ್ಟು, ಯಾವ ಸೀಟು ಯಾರ ಮನೆಗೆ ಹೋಯಿತು, ಯಾವಾಗ ಬಂತು, ಪೆಟ್ಟು ತಿಂದಿತೇ ಎಂದು ಬರೆಯಲಿ. ಪೆಟ್ಟು ತಿಂದದ್ದನ್ನು ಮುರಿದು ಎಸೆಯಲಿ. ಹಳೆಯ ಸೀಟಿನ ಚರಿತ್ರೆ ತಿಳಿಯದೆಂಬ ಭಯವನ್ನು ಆ ಪುಸ್ತಕವೇ ಕಳೆಯುತ್ತದೆ. ಮುಡಿ ಕೊಡಲು ಹೊರಟ ಕುಟುಂಬಕ್ಕೆ ಎರಡು ದಿನದ ಮಟ್ಟಿಗೆ ಸೀಟು ಸಿಕ್ಕರೆ ಚಾಲಕನ ದಂಡವೂ ತಪ್ಪಿತು, ಮಗುವೂ ಉಳಿಯಿತು.

ಉಳ್ಳವರ ಮಗುವಿನ ಕತ್ತು ಎಷ್ಟು ಎಳಸೋ ಗಿರಣಿಯವನ ಮಗುವಿನ ಕತ್ತೂ ಅಷ್ಟೇ ಎಳಸು. ಡಿಕ್ಕಿ ಹೊಡೆಯುವ ಲಾರಿ ಜೇಬು ನೋಡಿ ಬಡಿಯುವುದಿಲ್ಲ. ರಕ್ಷಣೆ ಮಾತ್ರ ಜೇಬು ನೋಡಿ ಸಿಗುವುದಾದರೆ ಅಂಥ ವ್ಯವಸ್ಥೆಯನ್ನು ಬದಲಿಸಬೇಕಾದವರು ನಾವೇ. ಮುಂದಿನ ಸಂಘದ ಸಭೆಯ ಕಾರ್ಯಪಟ್ಟಿಯಲ್ಲಿ, ಕೂಲಿ ಬೋನಸ್ಸುಗಳ ಪಕ್ಕದಲ್ಲಿ, ಈ ವಿಷಯವೂ ಒಂದು ಸಾಲಾಗಿ ಸೇರಲಿ.