ತಿದಿಯ ತೂತು

ಕುಲುಮೆಯ ಮುಂದೆ ಕುಳಿತ ಕಮ್ಮಾರನಿಗೆ ಕೆಂಡದ ಬಣ್ಣವೇ ಭಾಷೆ. ಕೆಂಡ ಮಂಕಾಯಿತೆಂದರೆ ಅವನು ಮೊದಲು ಇದ್ದಿಲನ್ನು ಬೈಯುವುದಿಲ್ಲ. ತಿದಿಯ ತೊಗಲನ್ನು ತಡವಿ ನೋಡುತ್ತಾನೆ. ಎಲ್ಲಿಯೋ ಹೊಲಿಗೆ ಬಿಚ್ಚಿರುತ್ತದೆ. ಬೆಂಕಿಗೆ ಹೋಗಬೇಕಾದ ಗಾಳಿ ಬಯಲಿನ ಪಾಲಾಗಿರುತ್ತದೆ. ಸವದತ್ತಿಯ ನೆರೆಯ ಹೂಲಿಯಂಥ ಊರಿನಲ್ಲಿ ಈ ವಿದ್ಯೆಯನ್ನು ಯಾರಿಗೂ ಹೊಸದಾಗಿ ಕಲಿಸಬೇಕಾಗಿಲ್ಲ. ಆದರೆ ಅದೇ ತಿದಿ ಉಕ್ಕಿನ ವೇಷ ತೊಟ್ಟು ಮೋಟಾರಿನ ಒಡಲನ್ನು ಸೇರಿದಾಗ ಬುದ್ಧಿವಂತರೂ ತಬ್ಬಿಬ್ಬಾಗುವುದುಂಟು.

ಹೂಲಿಯ ಗೌಡರೊಬ್ಬರ ಮನೆಯಲ್ಲಿ ಹತ್ತು ವರ್ಷ ದುಡಿದ ಡೀಸೆಲ್ ಕಾರೊಂದಿದೆ ಎಂದಿಟ್ಟುಕೊಳ್ಳಿ. ಪಂಚಲಿಂಗೇಶ್ವರನ ಗುಡಿಯ ಮುಂದೆ ನಿಂತಿರುವಾಗ ಎಂಜಿನು ನಯವಾಗಿಯೇ ಉಸಿರಾಡುತ್ತದೆ. ಬಯಲು ದಾರಿಯಲ್ಲಿಯೂ ಬೇನೆ ತೋರದು. ಐದು ಜನರನ್ನು ಹೊತ್ತು ಯಲ್ಲಮ್ಮನ ಗುಡ್ಡದ ಏರಿಗೆ ತಿರುಗಿದೊಡನೆ ಮಾತ್ರ ಮುದಿ ಎತ್ತಿನಂತೆ ನಿಂತುಬಿಡುತ್ತದೆ. ಹಿಂದೆ ಕರಿಯ ಹೊಗೆ, ಮುಂದೆ ಉಸ್ಸೆಂಬ ಸದ್ದು. ಗ್ಯಾರೇಜಿನ ಹುಡುಗನು ಬಾನೆಟ್ಟನ್ನೆತ್ತಿ ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಾನೆ: “ಗೌಡ್ರ, ಟರ್ಬೊ ಹೋಗೇತ್ರಿ. ಹೊಸಾದು ಹಾಕಬೇಕು.” ಹೊಸದರ ಬೆಲೆ ಕೇಳಿದ ಗೌಡರಿಗೆ, ಧಾರವಾಡದಲ್ಲಿ ಓದುವ ಮಗಳ ಫೀಜಿಗೆಂದು ತೆಗೆದಿಟ್ಟ ಹತ್ತಿಯ ದುಡ್ಡು ಕಣ್ಣ ಮುಂದೆಯೇ ಕರಗಿದಂತಾಗುತ್ತದೆ.

ಟರ್ಬೊ ಎಂಬುದು ನಿನ್ನೆ ಮೊನ್ನೆಯ ಸೃಷ್ಟಿಯಲ್ಲ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಇದರ ಪೇಟೆಂಟು ಪಡೆದದ್ದು 1905ರಲ್ಲಿ. ಕನ್ನಡ ನಾಡಿಗೂ ಇದು ಹಳೆಯ ಪರಿಚಯವೇ. ಬ್ರಿಟಿಷರು ಕೆಡಿಸಿ ಕಾನಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳನ್ನು 1948ರಿಂದ ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಸಜ್ಜುಗೊಳಿಸಿತು; ಅವು 1968ರವರೆಗೆ ನಮ್ಮ ವಾಯುಪಡೆಯಲ್ಲಿ ಹಾರಿದವು. ಒಂದೊಂದು ವಿಮಾನಕ್ಕೂ ನಾಲ್ಕು ಎಂಜಿನು; ಎಂಜಿನಿಗೊಂದು ಟರ್ಬೊ.

ಅದರ ತತ್ತ್ವ ಸರಳ. ಎಂಜಿನು ಉಗುಳುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರವು ಹೊರಗಿನ ಗಾಳಿಯನ್ನೆಳೆದು ಅದುಮಿ ಕಳುಹಿಸುತ್ತದೆ. ಸಣ್ಣ ಕಾರಿನಲ್ಲಿ ಈ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಸುತ್ತುವುದುಂಟು. ಅದುಮಿದ ಗಾಳಿ ಕಾಯುತ್ತದೆ. ಆದ್ದರಿಂದ ಇಂಟರ್‌ಕೂಲರ್ ಎಂಬ ತಂಪುಪೆಟ್ಟಿಗೆಯನ್ನು ಹಾದು ಎಂಜಿನನ್ನು ಸೇರುತ್ತದೆ. ಈ ದಾರಿಯುದ್ದಕ್ಕೂ ರಬ್ಬರಿನ ಹೋಸುಗಳು, ಅವನ್ನು ಬಿಗಿದ ಕ್ಲ್ಯಾಂಪುಗಳು. ಅದುಮಿದ ಗಾಳಿಯ ಈ ಹೆಚ್ಚುವರಿ ಒತ್ತಡವೇ ಬೂಸ್ಟ್. ಅದು ಸೋರುವುದು ಬಹುಮಟ್ಟಿಗೆ ಈ ದಾರಿಯಲ್ಲಿಯೇ ಹೊರತು ಟರ್ಬೊದಲ್ಲಲ್ಲ.

ಕಾರು ನಿಂತಾಗ ದೋಷವೇಕೆ ಅಡಗಿರುತ್ತದೆ? ಆಗ ಬೂಸ್ಟೇ ಇಲ್ಲವಷ್ಟೆ. ಹೋಸಿನ ಸೀಳು ತುಟಿ ಮುಚ್ಚಿಕೊಂಡಿರುತ್ತದೆ. ಏರಿನಲ್ಲಿ ಒತ್ತಡ ಹೆಚ್ಚಿದಾಗಲೇ ಬಾಯಿ ಬಿಡುತ್ತದೆ. ಒಳಬಂದ ಗಾಳಿಯನ್ನು ಅಳೆಯುವ ಮೀಟರು ಟರ್ಬೊಗಿಂತ ಮುಂಚೆಯೇ ಕುಳಿತಿರುವ ಕಾರುಗಳಲ್ಲಿ ಅದು ಲೆಕ್ಕ ಬರೆದ ಮೇಲೆ ಗಾಳಿ ಕಳುವಾಗುತ್ತದೆ. ಲೆಕ್ಕ ನಂಬಿದ ಯಂತ್ರದ ಮಿದುಳು ಎಣ್ಣೆಯನ್ನು ಪೂರ್ತಿ ಸುರಿಯುತ್ತದೆ. ಉರಿಯಲು ಗಾಳಿ ಸಾಲದ ಎಣ್ಣೆಯೇ ಆ ಕರಿಯ ಹೊಗೆ.

ಸವದತ್ತಿಯ ಹಿರಿಯ ಮಿಸ್ತ್ರಿಯೊಬ್ಬನ ಕೈಗೆ ಕಾರು ಬಂದರೆ ಅವನು ಪಾನಾ ಎತ್ತುವ ಮೊದಲು ಮಾತಾಡಿಸುತ್ತಾನೆ. “ಒಮ್ಮಿಂದೊಮ್ಮೆಲೆ ಆತೇನ್ರಿ, ಸಾವಕಾಶ ಆತೇನ್ರಿ?” ಒಮ್ಮೆಲೇ ಆಗಿದ್ದರೆ ಕ್ಲ್ಯಾಂಪು ಕಳಚಿರುವ ಸಂಭವವೇ ಹೆಚ್ಚು, ನಿಧಾನವಾಗಿದ್ದರೆ ಧೂಳು ತುಂಬಿದ ಗಾಳಿಸೋಸುಕವನ್ನು ಮೊದಲು ನೋಡಬೇಕು. ಬಳಿಕ ಕೆಳಗೆ ಬಗ್ಗಿ ಹೋಸುಗಳ ಹೊಟ್ಟೆಯನ್ನು ತಡವುತ್ತಾನೆ. ಒಳಗಿನ ಗಾಳಿಯಲ್ಲಿ ಎಂಜಿನೆಣ್ಣೆಯ ಸಣ್ಣ ತೇವ ಸದಾ ಇರುತ್ತದೆ. ಸೀಳಿದ್ದಲ್ಲಿ ಅದು ಹೊರಚಿಮ್ಮುತ್ತದೆ; ಹೂಲಿಯ ಎರೆಮಣ್ಣಿನ ಧೂಳು ಅಲ್ಲಿಯೇ ಕಾಡಿಗೆಯಂತೆ ಅಂಟುತ್ತದೆ. ಊರ ಧೂಳೇ ಇಲ್ಲಿ ಪತ್ತೇದಾರ!

ಸಂಶಯ ತೀರದಿದ್ದರೆ ಸೈಕಲ್ ಪಂಕ್ಚರಿನ ಉಪಾಯವಿದೆ. ಎಂಜಿನನ್ನು ಆರಿಸಿ, ಟರ್ಬೊದ ಬಾಯಿಗೆ ಬಿರಡೆ ಬಿಗಿದು, ಮೆಲ್ಲನೆ ಗಾಳಿ ತುಂಬಿ, ಹೋಸುಗಳಿಗೆ ಸಾಬೂನಿನ ನೊರೆ ಬಳಿಯುವುದು. ಒತ್ತಡ ಒಂದು ಬಾರ್ ಮೀರಬಾರದು. ಗುಳ್ಳೆಯೆದ್ದಲ್ಲಿ ಕಳ್ಳ ಸಿಕ್ಕಂತೆಯೇ. ಅಲ್ಲಿಯೂ ಸಿಗದಿದ್ದರೆ ಟರ್ಬೊದ ಕಡಿವಾಣವನ್ನು ಹಿಡಿದ ಸಣ್ಣ ನಳಿಕೆಗಳನ್ನು ನೋಡಬೇಕು. ಬೆರಳಿಗಿಂತ ಕಿರಿದಾದ ಅವುಗಳಲ್ಲೊಂದು ಬಿರಿದರೂ ಬೂಸ್ಟ್ ಮೂಡದಿರಬಹುದು.

ಒತ್ತಡ ತೋರುವ ಸೆನ್ಸರನ್ನು ದೂರುವಾಗಲೂ ಎಚ್ಚರ ಬೇಕು. ಎಂಜಿನು ಆರಿದ್ದು ಕೀಲಿ ಮಾತ್ರ ತಿರುಗಿಸಿದಾಗ ಅದು ಊರಿನ ಗಾಳಿಯ ಒತ್ತಡವನ್ನೇ ಹೇಳಬೇಕು. ಮಂಗಳೂರಿನ ಕಡಲತಡಿಯಲ್ಲಿ ಅದು 101 ಕಿಲೋಪಾಸ್ಕಲ್ ತೋರಿದರೆ ಸವದತ್ತಿಯ ಎತ್ತರದಲ್ಲಿ ಸುಮಾರು 94 ತೋರುವುದೇ ನ್ಯಾಯ. ಇದನ್ನರಿಯದೆ ಒಳ್ಳೆಯ ಸೆನ್ಸರನ್ನು ಕಿತ್ತೆಸೆದರೆ ಅದು ಭೂಗೋಳ ಓದದ ತಪ್ಪು.

ಟರ್ಬೊದ ಸರದಿ ಕೊನೆಗೆ. ತಣ್ಣಗಾದ ಮೇಲೆ ಹೋಸು ಬಿಚ್ಚಿ ಚಕ್ರವನ್ನು ಬೆರಳಿನಿಂದ ತಿರುಗಿಸಬೇಕು. ಎಣ್ಣೆಯ ಮೇಲೆ ತೇಲುವ ಅಚ್ಚಾದ್ದರಿಂದ ಪಕ್ಕಕ್ಕೆ ತುಸು ಅಲುಗಿದರೆ ಭಯವಿಲ್ಲ. ಹಿಂದುಮುಂದಾಗಿ ಎದ್ದುಕಾಣುವಂತೆ ಜಗ್ಗಿದರೆ, ಅಥವಾ ಗೋಡೆಗೆ ತಾಗಿದರೆ, ಆಗ ಹುಡುಗನ ತೀರ್ಪೇ ನಿಜ. ಅಂಥ ಟರ್ಬೊವನ್ನು ಓಡಿಸುವುದು ಜೀವದೊಡನೆ ಆಟ: ಸೀಲು ಹರಿದು ಎಂಜಿನೆಣ್ಣೆ ಒಳನುಗ್ಗಿದರೆ ಡೀಸೆಲ್ ಎಂಜಿನು ಅದನ್ನೇ ಕುಡಿದು ಕೀಲಿ ತೆಗೆದರೂ ನಿಲ್ಲದೆ ಅಬ್ಬರಿಸುತ್ತದೆ. ಗೇರಿನ ಕಾರಾದರೆ ಮೇಲಿನ ಗೇರು ಹಾಕಿ, ಬ್ರೇಕನ್ನು ಬಲವಾಗಿ ತುಳಿದು, ಕ್ಲಚ್ಚನ್ನು ಬಿಟ್ಟು ಅದನ್ನು ಉಸಿರುಗಟ್ಟಿಸಬೇಕು. ಸಣ್ಣ ಸೋರಿಕೆಯನ್ನು ಅಲಕ್ಷಿಸಿದರೂ ಕ್ರಮೇಣ ಇಲ್ಲಿಗೇ ಬರಬಹುದು. ಕಳೆದ ಗಾಳಿಯನ್ನು ತುಂಬಿಕೊಡಲು ಚಕ್ರ ಮಿತಿಮೀರಿ ಸುತ್ತಿ ಸವೆಯುತ್ತದೆ.

ಗೌಡರ ಕಾರಿನಲ್ಲಿ ಅಷ್ಟು ದೂರ ಹೋಗಬೇಕಾಗಲಿಲ್ಲ. ಇಂಟರ್‌ಕೂಲರಿನ ಕೆಳಗಿನ ಹೋಸಿನಲ್ಲಿ ಎರಡಂಗುಲದ ಸೀಳು. ಸುತ್ತಲೂ ಕರಿಯ ಜಿಡ್ಡು. ಮಿಸ್ತ್ರಿ ಹೊಸ ಹೋಸು ಬಿಗಿದು ಕೈಯೊರಸಿಕೊಳ್ಳುತ್ತಾನೆ. “ನಡೀರಿ ಗೌಡ್ರ, ರೊಕ್ಕದ ಮಾತು ಆಮ್ಯಾಲೆ. ಮೊದ್ಲ ಗುಡ್ಡಾ ಹತ್ತಿಸಿ ನೋಡೂಣು.”