ಅಂಗಡಿ ಬ್ರೆಡ್ಡಿನ ಸೇರ್ಪಡೆ ವಸ್ತುಗಳು ಮತ್ತು ಖರೀದಿದಾರರ ಹಕ್ಕು

ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಲ್ಪಟ್ಟ ತರುವಾಯ, ಕೆ.ಜಿ.ಎಫ್. ಹಾಗೂ ಬಂಗಾರಪೇಟೆಯ ಸಾವಿರಾರು ಮಂದಿ ಉದ್ಯೋಗಕ್ಕಾಗಿ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವುದು ರೂಢಿಯಾಗಿದೆ. ನಸುಕಿನಲ್ಲೇ ಮನೆ ಬಿಡುವ ಇಂತಹ ಕುಟುಂಬಗಳಿಗೆ ಬ್ರೆಡ್ಡು ಅನುಕೂಲಕರ ಆಹಾರ. ಅದರಲ್ಲಿ ಏನೇನಿದೆ ಎಂಬುದು ಮಾತ್ರ ಬಹುಮಂದಿಗೆ ತಿಳಿದಿರುವುದಿಲ್ಲ.

ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2016ರ ಮೇ ತಿಂಗಳಲ್ಲಿ ಪ್ರಕಟಿಸಿದ ವರದಿಯಂತೆ, ಅಲ್ಲಿನ 38 ಬ್ರೆಡ್ಡು ಹಾಗೂ ಬೇಕರಿ ಮಾದರಿಗಳ ಪೈಕಿ ಶೇ. 84ರಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಅಥವಾ ಅಯೋಡೇಟ್ ಅಂಶ ಕಂಡುಬಂದಿತ್ತು. ಹಿಟ್ಟಿನ ಅಂಟನ್ನು ಬಿಗಿಗೊಳಿಸಿ ಬ್ರೆಡ್ಡು ಚೆನ್ನಾಗಿ ಉಬ್ಬುವಂತೆ ಮಾಡುವುದು ಬ್ರೋಮೇಟಿನ ಗುಣ. ಬೇಯುವಾಗ ಅದು ಬ್ರೋಮೈಡ್ ಆಗಿ ಪರಿವರ್ತನೆಗೊಳ್ಳಬೇಕು. ಪ್ರಮಾಣ ಹೆಚ್ಚಾದಲ್ಲಿ ಅಥವಾ ಬೇಯುವುದು ಸಾಲದಾದಲ್ಲಿ ಹಾಗೆಯೇ ಉಳಿಯುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಇದನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆಯುಳ್ಳ ವಸ್ತುಗಳ ಗುಂಪಿಗೆ ಸೇರಿಸಿದೆ. ವರದಿಯಾದ ಮರುತಿಂಗಳೇ ಭಾರತೀಯ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರವು ಬ್ರೋಮೇಟನ್ನು ಅನುಮತಿತ ಪಟ್ಟಿಯಿಂದ ಕೈಬಿಟ್ಟಿತು. ದೆಹಲಿಯ ಈ ಅಂಕಿಯನ್ನು ಕೋಲಾರ ಜಿಲ್ಲೆಯ ಬೇಕರಿಗಳಿಗೆ ಅನ್ವಯಿಸುವುದು ಸರಿಯಲ್ಲ.

ಪೊಟ್ಟಣದ ಮೇಲೆ ಸಂಖ್ಯೆಗಳಿದ್ದ ಮಾತ್ರಕ್ಕೆ ಗಾಬರಿಪಡಬೇಕಾಗಿಲ್ಲ. 282 ಎಂದರೆ ಬೂಷ್ಟು ತಡೆಯುವ ಕ್ಯಾಲ್ಸಿಯಂ ಪ್ರೊಪಿಯೊನೇಟ್. 471 ಮತ್ತು 481 ಬ್ರೆಡ್ಡನ್ನು ಮೆತ್ತಗಿಡುವಂತಹವು. ಇವು ಅನುಮತಿತ ವಸ್ತುಗಳೇ. ಆದಾಗ್ಯೂ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯು ಕಾರ್ಖಾನೆಯ ಬ್ರೆಡ್ಡನ್ನು ಅತಿಸಂಸ್ಕರಿತ ಆಹಾರಗಳ ಸಾಲಿನಲ್ಲಿರಿಸಿ, ಅಂತಹವುಗಳ ಬಳಕೆಯನ್ನು ಮಿತಗೊಳಿಸಲು ಸೂಚಿಸಿದೆ. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಮುದ್ರಿಸಬೇಕೆಂಬುದು ನಿಯಮ. ಕಂದು ಬ್ರೆಡ್ಡಿನ ಪಟ್ಟಿಯಲ್ಲಿ ಮೈದಾ ಮೊದಲಿದ್ದು, ಕೆಳಗೆ 150 ಎಂಬ ಸಂಖ್ಯೆ ಇದ್ದಲ್ಲಿ, ಆ ಬಣ್ಣಕ್ಕೆ ಸುಟ್ಟ ಸಕ್ಕರೆಯ ಕ್ಯಾರಮೆಲ್ ಕಾರಣವೇ ಹೊರತು ಗೋಧಿಯ ತವುಡಲ್ಲ.

ನಿಜವಾದ ತೊಡಕು ಪಟ್ಟಿಯೇ ಇಲ್ಲದ ಬ್ರೆಡ್ಡಿನದು. ಮೊದಲೇ ಪೊಟ್ಟಣ ಕಟ್ಟಿ ಮಾರುವ ಬ್ರೆಡ್ಡಿನ ಮೇಲೆ ಪದಾರ್ಥಗಳು, ತಯಾರಕರ ವಿಳಾಸ, ದಿನಾಂಕ ಹಾಗೂ 14 ಅಂಕಿಗಳ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಇರತಕ್ಕದ್ದು. ಇಲ್ಲದಿದ್ದಲ್ಲಿ ಆಹಾರ ಸುರಕ್ಷತಾಧಿಕಾರಿಗಳಿಗೆ ದೂರು ಸಲ್ಲಿಸಬಹುದು.

ಇದಲ್ಲದೆ, ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 40ನೇ ಪ್ರಕರಣದನ್ವಯ ಖರೀದಿದಾರರು ಸ್ವತಃ ನಿಗದಿತ ಶುಲ್ಕ ಪಾವತಿಸಿ, ತಾವು ಕೊಂಡ ಆಹಾರವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದಾಗಿದೆ. ಈ ಅವಕಾಶವನ್ನು ಅರಿತವರು ವಿರಳ. ಪರೀಕ್ಷೆ ಮಾಡಿಸುವ ಉದ್ದೇಶವನ್ನು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿರಬೇಕು. ಆಹಾರವು ನಿಯಮಕ್ಕೆ ವಿರುದ್ಧವಾಗಿದೆಯೆಂದು ವರದಿ ಬಂದಲ್ಲಿ, ಪಾವತಿಸಿದ ಶುಲ್ಕವನ್ನು ಹಿಂದಿರುಗಿಸಲಾಗುವುದು.