ದೂರದಲ್ಲಿರುವ ಕಂಪ್ಯೂಟರ್‌ಗೆ ಕೂತಲ್ಲಿಂದಲೇ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಬಹುದೇ? ಹಾಗಿದ್ದರೆ ನಮ್ಮ ಫೋನ್‌ಗೂ ಹಾಕಬಹುದೇ?

‘ಈ ನಂಬರ್‌ನಿಂದ ಕರೆ ಬಂದರೆ ಎತ್ತಬೇಡಿ, ನಿಮ್ಮ ಫೋನ್ ಫಾರ್ಮ್ಯಾಟ್ ಆಗಿ ಪೂರ್ತಿ ಅವರ ಕೈಗೆ ಹೋಗುತ್ತದೆ’ ಎಂಬಂಥ ಸಂದೇಶಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತವೆ. ಇವನ್ನು ನಂಬುವವರು ಸಾಮಾನ್ಯವಾಗಿ ಕೊಡುವ ಕಾರಣ ಒಂದೇ: ‘ದೊಡ್ಡ ಕಂಪನಿಗಳು ಅಮೆರಿಕದಲ್ಲಿರುವ ಸರ್ವರನ್ನು ಇಲ್ಲಿಂದಲೇ ಅಳಿಸಿ ಹೊಸದಾಗಿ ಸಿದ್ಧ ಮಾಡುವಾಗ, ಫೋನ್ ಯಾವ ಲೆಕ್ಕ?’ ಸರ್ವರ್ ಬಗ್ಗೆ ಹೇಳಿದ್ದು ನಿಜ. ಆದರೆ ಅದು ಹೇಗೆ ಸಾಧ್ಯ ಎಂದು ತಿಳಿದರೆ, ಫೋನ್ ವಿಷಯದಲ್ಲಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದೂ ತಿಳಿಯುತ್ತದೆ.

ಇದರಲ್ಲಿರುವ ಕಷ್ಟವೇನು?

ದೂರದ ಕಂಪ್ಯೂಟರ್ ಜೊತೆ ನಾವು ಮಾತಾಡುವುದು ಅದರ ಆಪರೇಟಿಂಗ್ ಸಿಸ್ಟಮ್ ಮೂಲಕ. ಅದನ್ನೇ ಅಳಿಸಿದರೆ ಸಂಪರ್ಕವೂ ಹೋಗುತ್ತದೆ. ಕೂತ ಕೊಂಬೆಯನ್ನೇ ಕಡಿದ ಹಾಗೆ. ಆದ್ದರಿಂದ ಕೂರಲು ಮೊದಲು ಇನ್ನೊಂದು ಕೊಂಬೆ ಬೇಕು. ಅದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ.

1. ಸರ್ವರ್ ಒಳಗೊಂದು ಪುಟ್ಟ ಕಂಪ್ಯೂಟರ್: ಹೆಚ್ಚಿನ ಸರ್ವರ್‌ಗಳ ಮದರ್‌ಬೋರ್ಡ್ ಮೇಲೆ ಬಿಎಂಸಿ ಎಂಬ ಪ್ರತ್ಯೇಕ ಚಿಪ್ ಇರುತ್ತದೆ. ಸರ್ವರ್ ಆಫ್ ಆಗಿದ್ದರೂ ಪ್ಲಗ್‌ನಲ್ಲಿ ಕರೆಂಟ್ ಇದ್ದರೆ ಇದು ಎಚ್ಚರವಾಗಿರುತ್ತದೆ. ದೂರದಲ್ಲಿರುವ ಎಂಜಿನಿಯರ್ ಇದರ ಮೂಲಕ ಸರ್ವರ್ ಆನ್-ಆಫ್ ಮಾಡಬಹುದು, ಅದರ ಪರದೆ ನೋಡಬಹುದು, ತನ್ನ ಬಳಿಯಿರುವ ಇನ್‌ಸ್ಟಾಲ್ ಫೈಲನ್ನು ಅಲ್ಲಿ ಡಿವಿಡಿ ಹಾಕಿದಂತೆ ತೋರಿಸಬಹುದು. ಇದಕ್ಕಾಗಿ ಐಪಿಎಂಐ ಎಂಬ ಮಾನದಂಡ 1998ರಲ್ಲೇ ಬಂತು.

2. ನೆಟ್‌ವರ್ಕ್‌ನಿಂದಲೇ ಬೂಟ್: ಪಿಎಕ್ಸ್‌ಇ ಎಂಬ ವಿಧಾನದಲ್ಲಿ ಸರ್ವರ್ ಆನ್ ಆದ ಕೂಡಲೇ ತನ್ನ ಡಿಸ್ಕ್ ಹುಡುಕುವ ಬದಲು, ಅದೇ ನೆಟ್‌ವರ್ಕ್‌ನ ಇನ್ನೊಂದು ಕಂಪ್ಯೂಟರ್‌ನಿಂದ ಇನ್‌ಸ್ಟಾಲರ್ ತರಿಸಿಕೊಳ್ಳುತ್ತದೆ. ಒಂದೇ ಸಲ ನೂರಾರು ಸರ್ವರ್ ಸಿದ್ಧಪಡಿಸಲು ಇದು ಅನುಕೂಲ.

3. ಮೆಮೊರಿಯಲ್ಲಿ ತಾತ್ಕಾಲಿಕ ವ್ಯವಸ್ಥೆ: ಒಂದು ಚಿಕ್ಕ ಲಿನಕ್ಸ್ ಅನ್ನು ಪೂರ್ತಿ ರ್‍ಯಾಮ್‌ನಲ್ಲಿ ಓಡಿಸುತ್ತಾರೆ. ಆಗ ಡಿಸ್ಕ್ ಖಾಲಿ ಮಾಡಿದರೂ ಸಂಪರ್ಕ ಕಡಿಯುವುದಿಲ್ಲ.

ಮೂರರಲ್ಲೂ ಗಮನಿಸಬೇಕಾದ ಅಂಶ ಒಂದೇ. ಈ ಬಾಗಿಲನ್ನು ಸರ್ವರ್‌ನ ಮಾಲೀಕರೇ ಮೊದಲು ಇಟ್ಟಿರಬೇಕು, ಅದರ ಕೀಲಿ ಅವರ ಬಳಿ ಇರಬೇಕು.

ಬಾಗಿಲೇ ಮುಚ್ಚಿಹೋದರೆ?

ಆಗ ಎಷ್ಟೇ ದೊಡ್ಡ ಕಂಪನಿಯಾದರೂ ಜನರನ್ನೇ ಸ್ಥಳಕ್ಕೆ ಕಳಿಸಬೇಕು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಸ್ಥಗಿತವಾಗಿದ್ದವು. ಮುಖ್ಯ ಸಂಪರ್ಕದ ಜೊತೆಗೆ ತುರ್ತಿಗೆಂದು ಇಟ್ಟಿದ್ದ ಬದಲಿ ಸಂಪರ್ಕವೂ ಕೈಕೊಟ್ಟಿದ್ದರಿಂದ ಎಂಜಿನಿಯರ್‌ಗಳು ಡೇಟಾ ಸೆಂಟರ್‌ಗಳಿಗೇ ಹೋಗಬೇಕಾಯಿತು.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕೆಟ್ಟವು ಎಂದು ಮೈಕ್ರೋಸಾಫ್ಟ್ ಅಂದಾಜಿಸಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟದ್ದು ಹಲವರಿಗೆ ನೆನಪಿರಬಹುದು. ಕಂಪ್ಯೂಟರ್ ಪೂರ್ತಿ ಆನ್ ಆಗುವ ಮೊದಲೇ ಕ್ರ್ಯಾಶ್ ಆಗುತ್ತಿದ್ದುದರಿಂದ, ಬಹಳಷ್ಟು ಕಡೆ ಸಿಬ್ಬಂದಿ ಒಂದೊಂದರ ಮುಂದೆಯೂ ಕೂತು ಆ ಫೈಲ್ ಅಳಿಸಬೇಕಾಯಿತು.

ಮನುಷ್ಯರು ಹೋಗಲಾಗದ ಕಡೆ ಮೊದಲೇ ಎರಡು ಕೊಂಬೆ ಮಾಡಿಟ್ಟಿರುತ್ತಾರೆ. 2012ರ ಆಗಸ್ಟ್‌ನಲ್ಲಿ ಮಂಗಳ ಗ್ರಹಕ್ಕೆ ಇಳಿದ ನಾಸಾದ ಕ್ಯೂರಿಯಾಸಿಟಿ ರೋವರ್‌ನಲ್ಲಿ ಒಂದೇ ತರಹದ ಎರಡು ಕಂಪ್ಯೂಟರ್‌ಗಳಿವೆ. ಇಳಿದ ಕೆಲವೇ ದಿನಗಳಲ್ಲಿ ಅದರ ತಂತ್ರಾಂಶವನ್ನು ಭೂಮಿಯಿಂದಲೇ ಬದಲಿಸಿದರು. 2013ರಲ್ಲಿ ಒಂದು ಕಂಪ್ಯೂಟರ್‌ನ ಮೆಮೊರಿ ತೊಂದರೆ ಕೊಟ್ಟಾಗ ಇನ್ನೊಂದಕ್ಕೆ ದಾಟಿಸಿದರು.

ನಿಮ್ಮ ಫೋನ್ ಕತೆ ಏನು?

ನಿಮ್ಮ ಫೋನ್‌ಗೆ ಬರುವ ‘ಸಿಸ್ಟಮ್ ಅಪ್‌ಡೇಟ್’ ಕೂಡ ದೂರದಿಂದ ಆಗುವ ಇಂಥದ್ದೇ ಕೆಲಸ. ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ವ್ಯವಸ್ಥೆಗೆ ಎರಡು ಜಾಗಗಳಿರುತ್ತವೆ. ಒಂದರಲ್ಲಿ ಫೋನ್ ಓಡುತ್ತಿರುವಾಗ ಇನ್ನೊಂದರಲ್ಲಿ ಹೊಸದು ಕೂರುತ್ತದೆ. ರೀಸ್ಟಾರ್ಟ್ ಆದಾಗ ಹೊಸದು ಸರಿಯಿಲ್ಲದಿದ್ದರೆ ಹಳೆಯದಕ್ಕೇ ಮರಳುತ್ತದೆ. ತಯಾರಕರ ಡಿಜಿಟಲ್ ಸಹಿ ಇಲ್ಲದ ವ್ಯವಸ್ಥೆಯನ್ನು ಲಾಕ್ ಆಗಿರುವ ಫೋನ್ ಒಪ್ಪುವುದಿಲ್ಲ. ಸಾಮಾನ್ಯ ಫೋನ್ ಕರೆಗೆ ಈ ಬಾಗಿಲು ತೆರೆಯುವ ಶಕ್ತಿ ಇಲ್ಲ.

ಹಾಗಾದರೆ ಮಿಸ್ಡ್ ಕಾಲ್ ಮಾತು ಪೂರ್ತಿ ಸುಳ್ಳೇ? ಪೂರ್ತಿ ಸುಳ್ಳಲ್ಲ. 2019ರಲ್ಲಿ ವಾಟ್ಸ್ಆ್ಯಪ್ ಕರೆಯ ಒಂದು ದೋಷ ಬಳಸಿ, ಕರೆ ಎತ್ತದಿದ್ದರೂ ಪೆಗಾಸಸ್ ಬೇಹುಗಾರಿಕೆ ತಂತ್ರಾಂಶ ತೂರಿಸಿದ ಪ್ರಕರಣ ಬಯಲಾಯಿತು. ಸುಮಾರು 1,400 ಮಂದಿಯನ್ನು ಗುರಿ ಮಾಡಲಾಗಿತ್ತು ಎಂದು ವಾಟ್ಸ್ಆ್ಯಪ್ ಹೇಳಿತು. ಆದರೆ ಅದು ಆಯ್ದ ವ್ಯಕ್ತಿಗಳ ಮೇಲೆ ನಡೆದ ದಾಳಿ, ಫೋನ್ ಫಾರ್ಮ್ಯಾಟ್ ಮಾಡುವಂಥದ್ದಲ್ಲ. ಆ ದೋಷ ಸರಿಹೋದದ್ದು ಅಪ್‌ಡೇಟ್‌ನಿಂದಲೇ. ‘ಅಪ್‌ಡೇಟ್ ಮಾಡಬೇಡಿ, ವೈರಸ್ ಬರುತ್ತದೆ’ ಎನ್ನುವ ಫಾರ್ವರ್ಡ್ ಅಪಾಯಕಾರಿಯಾಗುವುದು ಇದಕ್ಕೇ.

ನಿಜವಾದ ಅಪಾಯ ಎಲ್ಲಿದೆ?

ಸಾಮಾನ್ಯ ಜನರ ಹಣ ಹೋಗುವುದು ಹೆಚ್ಚಾಗಿ ಬಾಗಿಲು ಮುರಿದಲ್ಲ, ನಾವೇ ಕೀಲಿ ಕೊಟ್ಟಾಗ. ‘ಬ್ಯಾಂಕ್‌ನಿಂದ ಮಾತಾಡುತ್ತಿದ್ದೇವೆ, ಕೆವೈಸಿ ಸರಿಮಾಡುತ್ತೇವೆ’ ಎಂದು ಸ್ಕ್ರೀನ್ ಹಂಚುವ ಆ್ಯಪ್ ಹಾಕಿಸುತ್ತಾರೆ, ಅಥವಾ ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಫೈಲ್ ಕಳಿಸಿ ‘ಅನುಮತಿಸಿ’ ಒತ್ತಿಸುತ್ತಾರೆ. ಅಲ್ಲಿಂದ ಮುಂದೆ ನಿಮ್ಮ ಪರದೆ, ಒಟಿಪಿ ಅವರಿಗೆ ಕಾಣುತ್ತದೆ. ಇನ್ನು, ನಿಮ್ಮ ಗೂಗಲ್ ಖಾತೆಯ ಪಾಸ್‌ವರ್ಡ್ ಸಿಕ್ಕವರು, ಕಳೆದ ಫೋನ್ ಹುಡುಕುವ ಸೌಲಭ್ಯವನ್ನೇ ಬಳಸಿ ಫೋನ್‌ನಲ್ಲಿರುವುದನ್ನೆಲ್ಲ ಅಳಿಸಬಲ್ಲರು.

ಹಾಗಾಗಿ ಇಷ್ಟು ಮಾಡಿ: ಸೆಟ್ಟಿಂಗ್ಸ್ ಒಳಗಿಂದ ಬರುವ ಅಪ್‌ಡೇಟ್‌ಗಳನ್ನು ಹಾಕಿಕೊಳ್ಳಿ. ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಬಂದ ಎಪಿಕೆ ತೆರೆಯಬೇಡಿ. ಕರೆ ಮಾಡಿದ ಅಪರಿಚಿತರು ಹೇಳಿದರೆಂದು ಯಾವ ಆ್ಯಪ್ ಕೂಡ ಹಾಕಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಫಾರ್ವರ್ಡ್ ಮಾಡುವುದಿದ್ದರೆ ಈ ನಾಲ್ಕು ಮಾತುಗಳನ್ನು ಮಾಡಿ. ಮನೆಯ ಹಿರಿಯರಿಗೆ ಆ ಮಿಸ್ಡ್ ಕಾಲ್ ಎಚ್ಚರಿಕೆಗಿಂತ ಇವು ಹೆಚ್ಚು ಉಪಯೋಗಕ್ಕೆ ಬರುತ್ತವೆ.